ಸ್ವಾಮಿಯವರ ನೆನಪಿನ ಪುಸ್ತಿಕೆ ತರುವ ಬಗೆ

ಊರಿಗೆ ಸ್ವಾಮಿಯೂ, ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಮೇಷ್ಟ್ರೂ ಆಗಿದ್ದ ಕಥೋಲಿಕ ಪಾದ್ರಿಯೊಬ್ಬರು ತೀರಿಕೊಂಡರೆ, ಮೂವತ್ತನೆಯ ದಿನದ ಪೂಜೆಗೇ ನೆನಪಿನ ಪುಸ್ತಿಕೆ ಕೈಸೇರಬೇಕೆಂದು ಎಲ್ಲರೂ ಆತುರಪಡುತ್ತಾರೆ. ಮೈಸೂರಿನಲ್ಲಿ ನಾವು ಕೆಲವರು ಸೇರಿ ಅಂಥದೊಂದನ್ನು ತಂದ ಅನುಭವದಿಂದ ಹೇಳುವುದಾದರೆ, ಆ ಗಡುವನ್ನು ಬಿಟ್ಟು ವರ್ಷದ ಪೂಜೆಯನ್ನೋ ನವೆಂಬರ್ 2ರ ಸಕಲ ಮೃತರ ದಿನವನ್ನೋ ಗುರಿಯಾಗಿಟ್ಟುಕೊಳ್ಳುವುದು ಲೇಸು.

ಮೊದಲು ಹಿಡಿಯಬೇಕಾದದ್ದು ಅವರ ಹುಟ್ಟೂರಿನ ದೇವಾಲಯದ (ಚರ್ಚಿನ) ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ದಾಖಲೆ ಪುಸ್ತಕ. ಒಬ್ಬರು ಗುರುದೀಕ್ಷೆ ಪಡೆದು ಪಾದ್ರಿಯಾದರೆ ಅದನ್ನು ಅವರ ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿ ಬರೆದಿಡಬೇಕೆಂಬ ನಿಯಮ ಧರ್ಮಸಭೆಯಲ್ಲಿರುವುದರಿಂದ, ಹುಟ್ಟು, ಹೆತ್ತವರ ಹೆಸರು, ದೀಕ್ಷೆಯ ದಿನಾಂಕ ಮೂರೂ ಒಂದೇ ಪುಟದಲ್ಲಿ ಸಿಗುವ ಸಾಧ್ಯತೆಯಿದೆ. ಹಳೆಯ ನಮೂದುಗಳು ಲ್ಯಾಟಿನ್ನಿನಲ್ಲಿರುವುದುಂಟು; ಮನೆಯಲ್ಲಿ ರಾಯಪ್ಪನಾಗಿದ್ದವನು ಅಲ್ಲಿ ಪೇತ್ರುಸ್, ಇನ್ನಾಸಪ್ಪನಾಗಿದ್ದವನು ಇಗ್ನಾಸಿಯುಸ್ ಆಗಿರುತ್ತಾನೆ, ಹೆಸರು ಸಿಗಲಿಲ್ಲವೆಂದು ಎದ್ದು ಬರಬಾರದು. ನಾವು ಈ ಪುಸ್ತಕ ನೋಡದೆ ಹಳೆಯ ಆಮಂತ್ರಣ ಪತ್ರಿಕೆಯೊಂದನ್ನು ನಂಬಿ ದೀಕ್ಷೆಯ ದಿನಾಂಕವನ್ನು ತಪ್ಪಾಗಿ ಅಚ್ಚು ಹಾಕಿಸಿ, ಆಮೇಲೆ ಮುನ್ನೂರು ಪ್ರತಿಗಳಿಗೂ ಕೂತು ತಿದ್ದುಪಡಿ ಚೀಟಿ ಅಂಟಿಸಿದೆವು.

ವರ್ಗಾವಣೆಗಳ ವಿವರ ಧರ್ಮಾಧ್ಯಕ್ಷರ (ಬಿಷಪ್ಪರ) ಕಚೇರಿಯಲ್ಲಿ ಸಿಗುತ್ತದೆ. 1886ರಲ್ಲಿ ಸ್ಥಾಪನೆಯಾದ ಮೈಸೂರು ಧರ್ಮಕ್ಷೇತ್ರಕ್ಕೆ (ಬಿಷಪ್ಪರ ಆಡಳಿತ ಪ್ರದೇಶಕ್ಕೆ) ಇಂದು ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ನಾಲ್ಕೂ ಜಿಲ್ಲೆಗಳು ಸೇರಿರುವುದರಿಂದ, ಒಬ್ಬರೇ ಗುರುಗಳನ್ನು ಕಬ್ಬಿನ ಗದ್ದೆಯವರೂ ಕಾಫಿ ತೋಟದವರೂ ‘ನಮ್ಮ ಸ್ವಾಮಿ’ ಎನ್ನುವುದುಂಟು.

ಕಷ್ಟವಿರುವುದು ನೆನಪುಗಳನ್ನು ಕೂಡಿಸುವಲ್ಲಿ. ಊರಿನವರಿಗೆ ಗುರುಮಠದ ಮೇಷ್ಟ್ರು ಗೊತ್ತಿಲ್ಲ, ಶಿಷ್ಯರಿಗೆ ಊರಿನ ಸ್ವಾಮಿ ಗೊತ್ತಿಲ್ಲ. ತತ್ತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು ವರ್ಷ ಕಲಿತು ಹೊರಬಂದ ಶಿಷ್ಯರು ಈಗ ಎಲ್ಲೆಲ್ಲೋ ಚದುರಿರುತ್ತಾರೆ. ಎರಡೂ ಕಡೆಯವರನ್ನು ಬೇರೆಬೇರೆಯಾಗಿಯೇ ಕೇಳಬೇಕು. ‘ಅವರು ಹೇಗಿದ್ದರು?’ ಎಂದರೆ ‘ಬಹಳ ಸರಳ ವ್ಯಕ್ತಿ’ ಎಂಬ ಉತ್ತರವೇ ಬರುತ್ತದೆ, ಅದರಿಂದ ಉಪಯೋಗವಿಲ್ಲ. ಪರೀಕ್ಷೆಯಲ್ಲಿ ಫೇಲಾದವನನ್ನು ಕರೆದು ಏನೆಂದರು, ಸಾವಿನ ಮನೆಗೆ ಬಂದರೆ ಎಲ್ಲಿ ಕೂರುತ್ತಿದ್ದರು ಎಂದು ಕೇಳಿ. ವಯಸ್ಸಾದ ಗುರುಗಳು ಸಿಕ್ಕರೆ, ಎರಡನೆಯ ವ್ಯಾಟಿಕನ್ ಮಹಾಸಭೆಯ (ಜಗತ್ತಿನ ಬಿಷಪ್ಪರು ಸೇರಿದ ಸಭೆ, 1962–65) ನಂತರ ಬಲಿಪೂಜೆ (ಮಾಸ್) ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದ ದಿನಗಳ ಬಗ್ಗೆ ಕೇಳುವುದನ್ನು ಮರೆಯಬೇಡಿ.

ನಮ್ಮ ಸ್ವಾಮಿಯವರು ಪಾಠದ ಟಿಪ್ಪಣಿಗಳನ್ನು ಮದುವೆ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದರು. ಒಂದು ಕಾರ್ಡಿನಲ್ಲಿ ಕೃಪೆಯನ್ನು ಕುರಿತ ಆರು ಸಾಲು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ‘ಹಿಂದಿನ ಬೆಂಚಿನವನಿಗೆ ಇದು ಅರ್ಥವಾಗಿಲ್ಲ, ನಾಳೆ ಮತ್ತೆ’ ಎಂದಿತ್ತು. ಇಂಥ ಕಾಗದ ಸಿಕ್ಕರೆ ಟೈಪ್ ಮಾಡಿಸದೆ, ಕೈಬರಹವನ್ನೇ ಸ್ಕ್ಯಾನ್ ಮಾಡಿಸಿ ಒಂದು ಪೂರ್ತಿ ಪುಟ ಕೊಡಿ. ಗಣ್ಯರ ಸಂದೇಶಗಳಿಗೆ ಎರಡು ಪುಟವೇ ಹೆಚ್ಚು.

ಪಾಪನಿವೇದನೆಯಲ್ಲಿ, ಅಂದರೆ ಪಾದ್ರಿಯ ಮುಂದೆ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವಾಗ, ಅವರು ಹೀಗೆಂದರು ಎಂದು ಯಾರಾದರೂ ಬರೆದುಕೊಟ್ಟರೆ, ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಅವರು ಬಾಯಿ ಬಿಡದೆ ಕಾಪಾಡಿದ್ದನ್ನು ನಾವು ಅಚ್ಚು ಹಾಕುವುದು ಸಲ್ಲದು. ಅವರಿಗಿದ್ದ ಮುಂಗೋಪವನ್ನು ಮಾತ್ರ ಮುಚ್ಚಿಡುವ ಅಗತ್ಯವಿಲ್ಲ, ಬೈಸಿಕೊಂಡವರೇ ಅದನ್ನು ಹೆಚ್ಚು ಪ್ರೀತಿಯಿಂದ ಹೇಳುತ್ತಾರೆ.

ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯಾದ್ದರಿಂದ ಪುಟಗಳ ಸಂಖ್ಯೆ ನಾಲ್ಕರ ಮಗ್ಗಿಯಲ್ಲಿರಲಿ. ಕರಡನ್ನು ಅವರ ಅಕ್ಕತಂಗಿಯರಲ್ಲೊಬ್ಬರಿಗೆ ಓದಿ ಹೇಳಿದ ಮೇಲೆಯೇ ಮುದ್ರಣಕ್ಕೆ ಕಳಿಸಿ. ಅಚ್ಚಾದ ಮೇಲೆ ಒಂದು ಪ್ರತಿ ಹುಟ್ಟೂರಿನ ದೇವಾಲಯಕ್ಕೆ, ಒಂದು ಗುರುಮಠದ ಗ್ರಂಥಾಲಯಕ್ಕೆ ಹೋಗಲಿ. ಉಳಿದವನ್ನು ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಹಂಚಿದರೆ ಸಾಕು, ಮೊದಲೇ ಕೊಟ್ಟರೆ ಪ್ರಸಂಗದ (ಉಪದೇಶದ) ಹೊತ್ತಿನಲ್ಲಿ ಎಲ್ಲರೂ ಫೋಟೋ ನೋಡುತ್ತ ಕೂರುತ್ತಾರೆ.