200 ಡಾಲರ್ ಒಳಗೆ ರೈಫಲ್‌ಗೆ ಸ್ಕೋಪ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

‘ಅಣ್ಣಾ, ಈ ಸ್ಕೋಪೇ ಸರಿ ಇಲ್ಲ. ವಾಪಸ್ ಕಳಿಸ್ತೀನಿ.’

ಟೆಕ್ಸಾಸ್‌ನಲ್ಲಿ ನಾನು ಹೋಗುವ ಶೂಟಿಂಗ್ ರೇಂಜ್‌ನಲ್ಲಿ ಈ ಮಾತು ತಿಂಗಳಿಗೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಈ ಸಲ ಹೇಳಿದ್ದು ಹಾಸನದ ಕಡೆಯ ಹುಡುಗ. 50 ಗುಂಡಿನ ಡಬ್ಬಿ ಪೂರ್ತಿ ಖಾಲಿ, ಹಾಳೆಯ ಮೇಲೆ ತೂತುಗಳು ಮಾತ್ರ ರಾಗಿ ಚೆಲ್ಲಿದ ಹಾಗೆ. ಸ್ಕೋಪನ್ನು, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನನ್ನು, ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಅಂತು. ಸಡಿಲ ಇದ್ದದ್ದು ಸ್ಕೋಪ್ ಅಲ್ಲ, ಅದರ ಕೆಳಗಿನ ಪಟ್ಟಿ. ‘ಸ್ಕೋಪ್ ಕೆಟ್ಟಿದೆ’ ಎಂದು ಬರುವ ಹತ್ತರಲ್ಲಿ ಏಳೆಂಟು ಜನರ ಕಥೆ ಇಷ್ಟೇ. ಅದಕ್ಕೇ ಈ ಲೇಖನದಲ್ಲಿ ಕೊಳ್ಳುವುದಕ್ಕಿಂತ ಕೂರಿಸುವುದರ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಉದಾಹರಣೆಗೆ ರೂಗರ್ 10/22 ತೆಗೆದುಕೊಳ್ಳುತ್ತೇನೆ. ಪಾಯಿಂಟ್ 22 ಗುಂಡು ಹಾಕುವ ಸೆಮಿ ಆಟೊಮ್ಯಾಟಿಕ್. ಒಂದು ಸಲ ಕುದುರೆ (ಟ್ರಿಗರ್) ಎಳೆದರೆ ಒಂದೇ ಗುಂಡು, ಮುಂದಿನದು ತಾನಾಗಿಯೇ ಒಳಗೆ ಬಂದು ಕೂರುತ್ತದೆ. 1964ರಿಂದ ಬರುತ್ತಿರುವ ರೈಫಲ್ ಇದು. ಅಮೆರಿಕದಲ್ಲಿ ಮೊದಲ ಸಲ ರೈಫಲ್ ಕೊಳ್ಳುವವರಲ್ಲಿ ತುಂಬ ಜನ ಇದನ್ನೇ ಕೊಳ್ಳುತ್ತಾರೆ.

ಇಲ್ಲಿನ ನಮ್ಮವರಿಗೆ ಮೊದಲೇ ಒಂದು ಮಾತು. ಎಚ್‌1ಬಿ ತರಹದ ವೀಸಾದಲ್ಲಿದ್ದರೆ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಮುಂತಾದ ಕೆಲವು ವಿನಾಯಿತಿಗಳಿವೆ, ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ರಾಜ್ಯಗಳ ಕಾನೂನು ಬೇರೆ ಬೇರೆ. ಇನ್ನು, ಊರಿಗೆ ಹೋಗುವಾಗ ಭಾವನಿಗೆ ಒಂದು ಸ್ಕೋಪ್ ಒಯ್ಯೋಣ ಎಂದು ಸೂಟ್‌ಕೇಸಿಗೆ ಹಾಕಬೇಡಿ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿದೆ.

ಸ್ಕೋಪ್: ಸಣ್ಣದೇ ಸಾಕು

ಡಬ್ಬಿಯ ಮೇಲೆ 3-9x40 ಎಂದಿದ್ದರೆ ಗುರಿ 3ರಿಂದ 9 ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 40 ಮಿ.ಮೀ. ಎಂದರ್ಥ. ಪಾಯಿಂಟ್ 22ಕ್ಕೆ 2-7x32 ಧಾರಾಳ ಸಾಕು. ಈ ಗುಂಡಿನ ಆಟವೆಲ್ಲ 100 ಗಜದ ಒಳಗೆ. 16 ಪಟ್ಟು ದೊಡ್ಡದು ಮಾಡಿ ನೋಡಿದರೆ ಕಾಣುವುದು ನಿಮ್ಮ ಕೈ ನಡುಕವೇ.

ಎಲ್ಲರೂ ಎಡವುವುದು ಪ್ಯಾರಲಾಕ್ಸ್‌ನಲ್ಲಿ. ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಡ್ರೈವರ್ ಎದುರಿನ ಸ್ಪೀಡೋಮೀಟರ್ ನೋಡಿ. ಡ್ರೈವರ್‌ಗೆ 60 ಕಂಡರೆ ನಿಮಗೆ 55 ಕಾಣುತ್ತದೆ. ಮುಳ್ಳು ಅಲ್ಲೇ ಇದೆ, ಕಣ್ಣು ಜರುಗಿದೆ ಅಷ್ಟೇ. ಸ್ಕೋಪ್‌ನೊಳಗೆ ಗುರಿ ತೋರಿಸುವ ಕೂಡುಗೆರೆಯೂ ಹಾಗೆಯೇ. ದೊಡ್ಡ ರೈಫಲ್‌ಗಳ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೋ 150 ಗಜಕ್ಕೋ ಹೊಂದಿಸಿರುತ್ತಾರೆ. ಅಂಥದ್ದರಲ್ಲಿ 25 ಗಜದ ಡಬ್ಬಿಗೆ ಗುರಿ ಇಟ್ಟರೆ, ಕೆನ್ನೆ ಒಂಚೂರು ಜರುಗಿದರೂ ಗೆರೆ ಗುರಿಯ ಮೇಲೆ ಈಜುತ್ತದೆ. ‘ರಿಮ್‌ಫೈರ್’ (ಪಾಯಿಂಟ್ 22 ತರಹದ ಗುಂಡಿಗೆ ಹೇಳುವ ಹೆಸರು) ಎಂದು ಬರೆದ ಸ್ಕೋಪ್‌ಗಳನ್ನು ಹೆಚ್ಚಾಗಿ 50 ಗಜದ ಆಸುಪಾಸಿಗೆ ಹೊಂದಿಸಿರುತ್ತಾರೆ. ಅದನ್ನೇ ಕೊಳ್ಳಿ. ಇಲ್ಲವೇ ಮುಂದಿನ ಗಾಜಿನ ಸುತ್ತ ದೂರ ಹೊಂದಿಸುವ ಬಳೆ ಇರುವುದನ್ನು ಕೊಳ್ಳಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸ್ಕೋಪನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ದೂರದ ಗೋಡೆಯ ಮೇಲಿನ ಒಂದು ಚುಕ್ಕೆ ನೋಡುತ್ತಾ ತಲೆಯನ್ನು ಮಾತ್ರ ಆ ಕಡೆ ಈ ಕಡೆ ಆಡಿಸಿ, ಗೆರೆ ಈಜುತ್ತದಾ ನೋಡಿ.

ಕೆಂಪು ಲೈಟು, ಹಸಿರು ಲೈಟು, ಲೇಸರ್, ಅಂಗೈ ಅಗಲದ ಗಾಜು, ಎಲ್ಲಾ ಸೇರಿ 40 ಡಾಲರ್ ಎಂದು ಆನ್‌ಲೈನ್‌ನಲ್ಲಿ ಬರುತ್ತದಲ್ಲ, ಅದು ಜಾತ್ರೆ ಆಟಿಕೆ. ಗುರಿ ಹೊಂದಿಸುವ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗೆರೆ ಒಮ್ಮೆ ಜರುಗುತ್ತದೆ, ಒಮ್ಮೆ ಜರುಗುವುದಿಲ್ಲ. ಅದರ ಬದಲು ಒಳ್ಳೆ ಕಂಪನಿಯ ಹಳೆ ಸ್ಕೋಪ್ ಹುಡುಕಿ. ವೋರ್ಟೆಕ್ಸ್, ಲೂಪೋಲ್ಡ್ ಕಂಪನಿಗಳ ಜೀವಮಾನದ ಗ್ಯಾರಂಟಿ ಸ್ಕೋಪ್ ಕೈ ಬದಲಾದರೂ ಅದರ ಜೊತೆಗೇ ಬರುತ್ತದೆ, ಬಿಲ್ ಕೇಳುವುದಿಲ್ಲ. ನನ್ನದೂ ಸೆಕೆಂಡ್ ಹ್ಯಾಂಡೇ.

ಊರಲ್ಲಿ ಏರ್ ರೈಫಲ್ ಇಟ್ಟುಕೊಂಡವರಿಗೂ ಒಂದು ಮಾತು. ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ. ಮಾಮೂಲಿ ರೈಫಲ್ ಸ್ಕೋಪ್ ಹಾಕಿದರೆ ಒಳಗಿನ ಗಾಜು ಸಡಿಲವಾಗುತ್ತದೆ. ಏರ್ ರೈಫಲ್‌ಗೆ ಎಂದೇ ಮಾಡಿದ್ದನ್ನು ಕೇಳಿ ಪಡೆಯಿರಿ.

ಮೌಂಟ್: ಇಲ್ಲಿ ಜಿಪುಣತನ ಬೇಡ

200ರಲ್ಲಿ ಸ್ಕೋಪ್‌ಗೆ 120–130, ಸ್ಕೋಪನ್ನು ಪಟ್ಟಿಗೆ ಹಿಡಿದಿಡುವ ರಿಂಗ್‌ಗಳಿಗೆ 30–40. ಉಳಿದದ್ದು ಗುಂಡಿಗೆ. ಬಲ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರನ್ನು ಯಾರಿಂದಲಾದರೂ ಎರವಲು ತನ್ನಿ. ಸ್ಕೋಪ್ ಜೊತೆ ಪುಕ್ಕಟೆ ಬರುವ ರಿಂಗ್‌ಗಳನ್ನು ನಾನಂತೂ ಕಸದ ಬುಟ್ಟಿಗೆ ಹಾಕುತ್ತೇನೆ.

10/22 ಕಾರ್ಬೈನ್‌ನ ಡಬ್ಬಿಯಲ್ಲೇ ಸ್ಕೋಪ್ ಪಟ್ಟಿ ಸಿಗುತ್ತದೆ. ಅದು ಸಾಲದು ಅನ್ನಿಸಿದರೆ ಒಂದೇ ತುಂಡಿನ ಪಿಕಟಿನಿ ರೇಲ್ ತನ್ನಿ, ಅಡ್ಡಡ್ಡ ಗಾಡಿ (ತೋಡು) ಕೊರೆದ ಪಟ್ಟಿ ಅದು. ಇದರಲ್ಲಿ ಗಾಡಿಗಳ ಅಳತೆ ಒಂದೇ ಸಮ. ಪ್ರತಿ ಗಾಡಿ 0.206 ಇಂಚು ಅಗಲ. ಹಳೆಯ ವೀವರ್ ಪಟ್ಟಿಯ ಗಾಡಿ 0.180 ಇಂಚು. ಹಾಗಾಗಿ ವೀವರ್ ರಿಂಗ್ ಪಿಕಟಿನಿಯಲ್ಲಿ ಕೂರುತ್ತದೆ, ಪಿಕಟಿನಿ ರಿಂಗ್ ವೀವರ್‌ನಲ್ಲಿ ಕೂರದೇ ಹೋಗಬಹುದು. ಕೊಳ್ಳುವ ಮುಂಚೆ ನಿಮ್ಮ ಪಟ್ಟಿ ಯಾವುದು ಅಂತ ನೋಡಿಕೊಳ್ಳಿ.

ರಿಂಗ್ ಎತ್ತರ ಕಡಿಮೆ ಇದ್ದಷ್ಟೂ ಒಳ್ಳೆಯದು, ಮುಂದಿನ ಗಾಜು ನಳಿಗೆಗೆ ತಾಗದಿದ್ದರೆ ಸರಿ. ಹಿಂದಿನ ಗುರಿಪಟ್ಟಿ ಅಡ್ಡ ಬಂದರೆ ಮಡಿಸಿಬಿಡಿ, 10/22ರಲ್ಲಿ ಅದು ಮಡಚುತ್ತದೆ. ಸ್ಕೋಪ್‌ನ ಕೆಳಗಿಂದ ಹಳೆ ಗುರಿಪಟ್ಟಿಯೂ ಕಾಣಲಿ ಎಂದು ತೂತಿರುವ ಎತ್ತರದ ರಿಂಗ್ ಮಾರುತ್ತಾರೆ. ಬೇಡವೇ ಬೇಡ. ಕೆನ್ನೆ ರೈಫಲ್‌ನ ಹಿಂಭಾಗದ ಕಟ್ಟಿಗೆಗೆ ತಾಗದೆ, ತಲೆ ಗಾಳಿಯಲ್ಲಿ ನೇತಾಡುತ್ತದೆ.

ಎಆರ್-15 ರೈಫಲ್ ಇದ್ದವರು ರಿಂಗ್ ಬಿಟ್ಟು ಮುಂದಕ್ಕೆ ಚಾಚಿದ ಒಂದೇ ತುಂಡಿನ ಮೌಂಟ್ ತೆಗೆದುಕೊಳ್ಳಿ. ಒಂದು ರಿಂಗ್ ರಿಸೀವರ್ (ನಳಿಗೆಯ ಹಿಂದಿನ ಲೋಹದ ಮೈ) ಮೇಲೆ, ಇನ್ನೊಂದು ಮುಂದಿನ ಕೈಹಿಡಿಯ ಮೇಲೆ ಹಾಕಿದವರನ್ನು ನೋಡಿದ್ದೇನೆ. ಕೈಹಿಡಿ ಒಂಚೂರು ಬಾಗಿದರೂ ಸ್ಕೋಪ್ ಕೊಳವೆಯನ್ನೇ ತಿರುಚುತ್ತದೆ.

ಕೂರಿಸುವುದು: ಒಂದು ಸಂಜೆ ಪೂರ್ತಿ ಕೊಡಿ

ಗುಂಡು ತುಂಬುವ ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆ ಎಳೆದು ಒಳಗೆ ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಗುಂಡುಗಳ ಡಬ್ಬಿ ಬೇರೆ ಕೋಣೆಯಲ್ಲಿರಲಿ.

ರಿಸೀವರ್ ಮೇಲೆ ನಾಲ್ಕು ತೂತು ಮುಚ್ಚಿದ ಪುಟ್ಟ ಸ್ಕ್ರೂಗಳಿವೆ. ಬಿಚ್ಚಿ. ತೂತಿನಲ್ಲೂ ಹೊಸ ಸ್ಕ್ರೂಗಳಲ್ಲೂ ಫ್ಯಾಕ್ಟರಿ ಎಣ್ಣೆ ಇರುತ್ತದೆ. ಈ ಎಣ್ಣೆಯೇ ಮುಂದೆ ಪಟ್ಟಿ ಸಡಿಲವಾಗಲು ಕಾರಣ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಆಲ್ಕೊಹಾಲ್‌ನಲ್ಲಿ ಅದ್ದಿ, ಕಡ್ಡಿ ಬೆಳ್ಳಗೆ ಹೊರಬರುವ ತನಕ ಒರೆಸಿ. ಒಣಗಲು ಬಿಡಿ. ಪಟ್ಟಿ ಇಟ್ಟು ಸ್ಕ್ರೂ ಹಾಕುವಾಗ ಪ್ರತಿ ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ತೊಟ್ಟು. ಕೆಂಪು ಬೇಡ, ಮುಂದೆ ಬಿಚ್ಚಬೇಕೆಂದರೆ ಬೆಂಕಿ ಕಾಯಿಸಬೇಕಾಗುತ್ತದೆ.

10/22ರ ರಿಸೀವರ್ ಅಲ್ಯೂಮಿನಿಯಂ. ‘ಇನ್ನೂ ಒಂಚೂರು’ ಎಂದು ತಿರುಗಿಸಿದರೆ ತೂತಿನೊಳಗಿನ ಮರೆ (ಸ್ಕ್ರೂ ಕಚ್ಚುವ ಸುರುಳಿ ಗೆರೆ) ಕಿತ್ತು ಬರುತ್ತದೆ. 15 ಇಂಚು-ಪೌಂಡ್ ಸಾಕು. ಹೆಬ್ಬೆರಳು, ತೋರುಬೆರಳಿನಲ್ಲಿ ಸಣ್ಣ ಎಲ್ ಕೀ ಹಿಡಿದು ಗಟ್ಟಿಯಾಗಿ ತಿರುಗಿಸಿದರೆ ಬರುವಷ್ಟು ಬಲ. ಮುಷ್ಟಿ ಹಿಡಿದು ತಿರುಗಿಸಿದಿರೋ, ಕೆಟ್ಟಿತು. ಇದನ್ನು ಕಲಿತದ್ದು ನನ್ನದೇ ಒಂದು ಮರೆ ಕಿತ್ತ ಮೇಲೆ.

ಈಗ ರಿಂಗ್‌ಗಳ ಕೆಳಭಾಗ. ಗಾಡಿಯೊಳಗೆ ಇಟ್ಟು ನಳಿಗೆಯ ಕಡೆಗೆ ಒತ್ತಿ ಹಿಡಿದೇ ಬಿಗಿ ಮಾಡಿ. ಗುಂಡು ಹೊಡೆದಾಗ ರೈಫಲ್ ಹಿಂದಕ್ಕೆ ಹೋಗುತ್ತದೆ, ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಮೊದಲೇ ಮುಂದಿನ ಅಂಚಿಗೆ ಒತ್ತಿಕೊಂಡಿದ್ದರೆ ಜರುಗಲು ಜಾಗವೇ ಇರುವುದಿಲ್ಲ.

ಸ್ಕೋಪ್ ಇಟ್ಟು ರಿಂಗ್‌ಗಳ ಮೇಲರ್ಧದ ಟೋಪಿಗಳನ್ನು ಸ್ಕೋಪ್ ಜಾರುವಷ್ಟು ಸಡಿಲವಾಗಿ ಹಾಕಿ. ಪವರ್ ಪೂರ್ತಿ ಮೇಲಕ್ಕೆ ತಿರುಗಿಸಿ. ಕಣ್ಣು ಮುಚ್ಚಿ, ರೈಫಲ್ ಹೆಗಲಿಗೆ ತಂದು ಕೆನ್ನೆ ಆನಿಸಿ, ಆಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳು ಕಂಡರೆ ಕತ್ತು ಚಾಚಬೇಡಿ, ಸ್ಕೋಪನ್ನೇ ಹಿಂದೆ ಮುಂದೆ ಜಾರಿಸಿ. ಕಣ್ಣು ಬಿಟ್ಟ ತಕ್ಷಣ ಪೂರ್ತಿ ದುಂಡಗೆ ಕಾಣುವವರೆಗೆ ನಾಲ್ಕೈದು ಸಲ ಮಾಡಿ. ಚಳಿಗಾಲದಲ್ಲಿ ದಪ್ಪ ಜಾಕೆಟ್ ಹಾಕಿ ಹೋಗುವವರು ಜಾಕೆಟ್ ಹಾಕಿಕೊಂಡೇ ಮಾಡಿ.

ಇನ್ನು ಗೆರೆ ನೇರ ಮಾಡುವುದು. ರೇಲ್ ಮೇಲೆ ಪುಟ್ಟ ರಸಮಟ್ಟ ಇಟ್ಟು ರೈಫಲನ್ನು ಮೊದಲು ಮಟ್ಟ ಮಾಡಿ, ಮರಳು ಚೀಲಗಳ ನಡುವೆ ಅಲುಗದಂತೆ ಕೂರಿಸಿ. ಮೇಸ್ತ್ರಿಗಳು ಗೋಡೆ ನೇರ ಇದೆಯಾ ಎಂದು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ವಾ? ಅದೇ ರೀತಿ ಬಿಳಿ ದಾರಕ್ಕೆ ಭಾರ ಕಟ್ಟಿ ಕಾಂಪೌಂಡಿನ ಕೊನೆಯಲ್ಲಿ ಇಳಿಬಿಡಿ. ಸ್ಕೋಪ್‌ನಲ್ಲಿ ನೋಡುತ್ತಾ ನಿಂತ ಗೆರೆಯನ್ನು ದಾರಕ್ಕೆ ಕೂಡಿಸಿ. ಕೂಡಿತು ಎಂದು ಖುಷಿಯಿಂದ ಒಂದು ಬದಿಯ ಸ್ಕ್ರೂ ಬಿಗಿ ಮಾಡಿದರೆ ಸ್ಕೋಪ್ ಆ ಬದಿಗೇ ಉರುಳುತ್ತದೆ, ಮಾಡಿದ್ದೆಲ್ಲ ದಂಡ. ಕಾರಿನ ಚಕ್ರದ ನಟ್ ಬಿಗಿ ಮಾಡುವ ಹಾಗೆ ಎದುರುಬದುರಾಗಿ, ಕಾಲು ಸುತ್ತು, ಕಾಲು ಸುತ್ತು. ಪ್ರತಿ ಸುತ್ತಿಗೂ ದಾರ ನೋಡಿ. ಟೋಪಿಯ ಎರಡೂ ಬದಿಯ ಸಂದು ಸಮ ಇರಲಿ. ಕೊನೆಗೆ 15ರಿಂದ 18 ಇಂಚು-ಪೌಂಡ್. ಈ ಸ್ಕ್ರೂಗಳಿಗೆ ಥ್ರೆಡ್‌ಲಾಕರ್ ಬೇಡ.

ಒಂದು ಅಂಗಡಿಯವರು ಪುಕ್ಕಟೆ ಕೂರಿಸಿಕೊಡ್ತೀವಿ ಅಂದರು. ಸುಮ್ನೆ ಕೊಟ್ಟೆ. ಐದೇ ನಿಮಿಷದಲ್ಲಿ ಕೈಗಿಟ್ಟರು. ಮನೆಗೆ ಬಂದು ಬಿಚ್ಚಿದರೆ ಕೊಳವೆಯ ಮೇಲೆ ಬಳೆ ಒತ್ತಿದ ಗುರುತು, ಪವರ್ ತಿರುಗಿಸಲು ಎರಡು ಕೈ ಬೇಕು.

ಗುರಿ ಹೊಂದಿಸುವುದು

ಬೋಲ್ಟ್ ತೆಗೆದು ಹಿಂದಿನಿಂದ ನಳಿಗೆಯೊಳಗೆ ಇಣುಕಿ ಗುರಿ ನೋಡಿ ಎಂದು ಯಾರಾದರೂ ಹೇಳಬಹುದು. 10/22ರ ರಿಸೀವರ್ ಹಿಂದೆ ಮುಚ್ಚಿರುತ್ತದೆ, ಇಣುಕಲು ದಾರಿಯಿಲ್ಲ. ಅದಕ್ಕೇ 25 ಗಜದಲ್ಲಿ ದೊಡ್ಡ ಹಾಳೆಯಿಂದ ಶುರು ಮಾಡಿ.

ಮೂರು ಗುಂಡು ಹೊಡೆಯಿರಿ. ಒಂದೊಂದು ಗುಂಡಿಗೂ ಕ್ಲಿಕ್ ತಿರುಗಿಸುವುದು ಹುಚ್ಚು. ಮೂರರ ನಡುವಿನ ಜಾಗ ನೋಡಿ ಲೆಕ್ಕ ಹಾಕಿ. ಕಾಲು ಎಂಒಎ (ಎಂಒಎ ಅಂದರೆ ಕೋನದ ಒಂದು ಸಣ್ಣ ಅಳತೆ) ಸ್ಕೋಪ್‌ನಲ್ಲಿ ಒಂದು ಕ್ಲಿಕ್ 100 ಗಜದಲ್ಲಿ ಸುಮಾರು ಕಾಲು ಇಂಚು ಜರುಗಿಸುತ್ತದೆ. 50 ಗಜದಲ್ಲಿ ಅದರ ಅರ್ಧ, 25ರಲ್ಲಿ ಅದರ ಅರ್ಧ. ಅಂದರೆ 25 ಗಜದಲ್ಲಿ 2 ಇಂಚು ಕೆಳಗೆ ಬಿದ್ದರೆ 32 ಕ್ಲಿಕ್ ಮೇಲಕ್ಕೆ. ತಿರುಪಿನ ಮೇಲಿನ ಬಾಣದ ಗುರುತು ಗುಂಡು ಹೋಗಬೇಕಾದ ಕಡೆಗೆ, ಗೆರೆ ಹೋಗಬೇಕಾದ ಕಡೆಗಲ್ಲ. ಇದನ್ನು ತಿರುಗುಮುರುಗು ಮಾಡಿಕೊಂಡು ಅರ್ಧ ಡಬ್ಬಿ ಸುಟ್ಟವರು ಎಷ್ಟೋ ಜನ.

ಆಮೇಲೆ 50 ಗಜಕ್ಕೆ ಹೋಗಿ ಅಲ್ಲೇ ಪಕ್ಕಾ ಮಾಡಿ. ವೇಗದ ಗುಂಡಿಗೂ 100 ಗಜದಲ್ಲಿ ಸುಮಾರು 6 ಇಂಚು ಕೆಳಗೆ ಬೀಳುತ್ತದೆ, ಅದು ಸ್ಕೋಪ್‌ನ ತಪ್ಪಲ್ಲ. ಗುಂಡಿನ ಬ್ರ್ಯಾಂಡ್ ಬದಲಾಯಿಸಿದರೆ ಮತ್ತೆ ಮೊದಲಿಂದ.

ಎಲ್ಲಾ ಆದ ಮೇಲೆ ಹೆಂಡತಿಯ ನೇಲ್ ಪಾಲಿಶ್ ಕೇಳಿ ತನ್ನಿ. ಪ್ರತಿ ಸ್ಕ್ರೂ ತಲೆಯಿಂದ ರಿಂಗ್‌ಗೆ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆ ಎಂದೇ ಅರ್ಥ.

ಹಾಸನದ ಹುಡುಗನ ಪಟ್ಟಿ ಬಿಚ್ಚಿದಾಗ ನಾಲ್ಕೂ ಸ್ಕ್ರೂಗಳ ಮೇಲೆ ಫ್ಯಾಕ್ಟರಿ ಎಣ್ಣೆ ಹಾಗೇ ಮಿಂಚುತ್ತಿತ್ತು. ಒರೆಸಿ, ಕೂರಿಸಿ, ರಾತ್ರಿ ಒಣಗಲು ಬಿಟ್ಟು ಮರುದಿನ ಬಂದೆವು. ಅದೇ ಸ್ಕೋಪ್, 50 ಗಜದಲ್ಲಿ ಮೂರು ಗುಂಡು. ಹಾಳೆ ತಂದು ತೋರಿಸಿದ. ಒಂದು ರೂಪಾಯಿ ನಾಣ್ಯ ಇಟ್ಟರೆ ಮೂರೂ ತೂತು ಮುಚ್ಚುತ್ತಿತ್ತು.