ಬೀಜದಿಂದ ಬೆಳೆಸಿದ ಬ್ಯಾರೆಲ್ ಕಳ್ಳಿಗಳು

ನಾನು ಮೊಟ್ಟಮೊದಲು ಕೊಂಡ ಬ್ಯಾರೆಲ್ ಕಳ್ಳಿ, ಅಂದರೆ ಪೀಪಾಯಿಯಂತೆ ದುಂಡಗೆ ಬೆಳೆಯುವ ಏಣುಮೈಯ ಕಳ್ಳಿ, ಎರಡು ವರ್ಷ ಹಸಿರಾಗಿಯೇ ಇದ್ದು, ಬರಬರುತ್ತಾ ಏಣುಗಳ ನಡುವಿನ ತಗ್ಗುಗಳು ಆಳವಾಗಿ, ಕೊನೆಗೆ ಸತ್ತುಹೋಯಿತು. ಅದು ನಡುಮುಳ್ಳುಗಳು ಗಾಳದಂತೆ ಬಾಗಿರುವ, ಫೆರೊಕ್ಯಾಕ್ಟಸ್ ಎಂಬ ಕುಲದ ವಿಸ್ಲಿಜೆನಿ ಜಾತಿ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋದ ಸೊನೋರಾ ಸೀಮೆಯ ಗಿಡ. ಕುಂಡದಿಂದ ತೆಗೆದು ನೋಡಿದಾಗ ದಪ್ಪ ಬೇರುಗಳೆಲ್ಲ ಒಂದೇ ಮಟ್ಟದಲ್ಲಿ ತುಂಡಾಗಿದ್ದವು. ಆ ತುದಿಗಳಿಂದ ಹೊಸ ಬೇರಿನ ಒಂದು ಎಳೆಯೂ ಹೊರಟಿರಲಿಲ್ಲ. ಮರುಭೂಮಿಯಿಂದ ಅಗೆದು ತಂದ ಗಿಡವನ್ನು ನನಗೆ ಮಾರಿದ್ದರು. ಅದು ಎರಡು ವರ್ಷವೂ ಕಾಂಡದಲ್ಲಿ ಕೂಡಿಟ್ಟುಕೊಂಡಿದ್ದ ನೀರಿನಲ್ಲೇ ಬದುಕಿತ್ತು. ಅಂದಿನಿಂದ ಬೀಜದಿಂದ ಬೆಳೆದ ಗಿಡಗಳನ್ನು ಬಿಟ್ಟು ಬೇರೆಯದನ್ನು ನಾನು ಸಂಗ್ರಹಕ್ಕೆ ಸೇರಿಸಿಲ್ಲ. ಕಳ್ಳಿಗಳ ಇಡೀ ಕುಟುಂಬವನ್ನು, ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಿಂದಲೇ ನಿಯಂತ್ರಣದ ಪಟ್ಟಿಯಲ್ಲಿ ಇರಿಸಿದೆ. ಆದರೂ ಅಗೆದು ತಂದ ಗಿಡಗಳು ಮಾರಾಟಕ್ಕೆ ಬರುತ್ತವೆ. ಮೈಮೇಲೆ ಹಳೆಯ ಗಾಯದ ಕಲೆಗಳು, ಸವೆದು ಬೂದುಬಣ್ಣಕ್ಕೆ ತಿರುಗಿದ ಮುಳ್ಳುಗಳು, ಕುಂಡದಲ್ಲಿ ಅಲುಗಾಡುವ ಬುಡ, ಇವು ಒಟ್ಟಿಗೆ ಕಂಡರೆ ಅಂಥದ್ದನ್ನು ಕೊಳ್ಳಬಾರದು.

ಬಿತ್ತನೆಗೆ ನಾನು ಮೂರು ಪಾಲು ದಪ್ಪ ಮರಳು ಅಥವಾ ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲಿನ ನುಚ್ಚಿಗೆ ಒಂದು ಪಾಲು ಜರಡಿ ಹಿಡಿದ ಎಲೆಗೊಬ್ಬರ ಬೆರೆಸಿ, ಬಿಸಿ ಮಾಡಿ, ಆರಿದ ಮೇಲೆ ಬಳಸುತ್ತೇನೆ. ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಮಣ್ಣು ಮುಚ್ಚದೆ ಮೇಲೆಯೇ ಉದುರಿಸಿ, ಪಾರದರ್ಶಕ ಮುಚ್ಚಳ ಹಾಕಿ, 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತೇನೆ. ಹೆಚ್ಚಿನವು ಎರಡು ವಾರದೊಳಗೆ ಮೊಳೆಯುತ್ತವೆ. ಮೊದಲಿಗೆ ಕಾಣುವುದು ಹಸಿರು ಹನಿಯಂಥ ಮೈ ಮಾತ್ರ. ಕೆಲವು ವಾರಗಳ ಬಳಿಕ ಅದರ ನೆತ್ತಿಯಲ್ಲಿ ಕೂದಲಿನಷ್ಟು ಮೆದುವಾದ ಮುಳ್ಳುಗಳು ಇಣುಕುತ್ತವೆ. ನನ್ನ ಮೊದಲ ಬಿತ್ತನೆಯಲ್ಲಿ ಮುಚ್ಚಳವನ್ನು ತಿಂಗಳುಗಟ್ಟಲೆ ತೆಗೆಯದೆ ಬಿಟ್ಟಿದ್ದರಿಂದ ಪಾಚಿ ಹಬ್ಬಿ, ಮುಕ್ಕಾಲು ಪಾಲು ಸಸಿಗಳು ಬುಡ ಕೊಳೆತು ಮಲಗಿದವು. ಈಗ ಮುಳ್ಳು ಕಾಣಿಸಿಕೊಂಡ ದಿನದಿಂದ ಮುಚ್ಚಳವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತಾ ಬರುತ್ತೇನೆ.

ನೀರಿನ ವಿಷಯದಲ್ಲಿ ಅಳತೆಗಿಂತ ಅಂತರ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನವೂ ಚಿಮುಕಿಸಿದರೆ ಮೇಲ್ಮಣ್ಣು ಒದ್ದೆಯಾಗುತ್ತದೆಯೇ ಹೊರತು ಬೇರಿಗೆ ತಲುಪುವುದಿಲ್ಲ. ಬೆಳವಣಿಗೆಯ ಕಾಲದಲ್ಲಿ ಕುಂಡದ ತಳದಿಂದ ಹರಿದು ಹೋಗುವಷ್ಟು ನೀರು ಕೊಟ್ಟು, ಮಣ್ಣು ತಳದವರೆಗೂ ಒಣಗುವ ತನಕ ಮತ್ತೆ ಮುಟ್ಟುವುದಿಲ್ಲ. ಒಣಗಿದೆಯೇ ಎಂಬುದನ್ನು ಕುಂಡವನ್ನು ಎತ್ತಿ, ಅದರ ಭಾರದಿಂದಲೇ ತಿಳಿಯುತ್ತೇನೆ. ಬೆಳೆದ ಗಿಡಗಳಿಗೆ ಚಳಿಯ ತಿಂಗಳುಗಳಲ್ಲಿ ನೀರು ಪೂರ್ತಿ ನಿಲ್ಲಿಸುತ್ತೇನೆ. ಆಗ ಮೈ ಹಾರ್ಮೋನಿಯಂನ ತಿದಿಯಂತೆ ಮಡಚಿಕೊಂಡು ತುಸು ಕುಗ್ಗುತ್ತದೆ. ಅದನ್ನು ಕಂಡು ಗಾಬರಿಯಾಗಿ ನೀರು ಹಾಕಿದವರ ಗಿಡಗಳೇ ಹೆಚ್ಚಾಗಿ ಕೊಳೆಯುತ್ತವೆ.

ಫೆರೊಕ್ಯಾಕ್ಟಸ್‌ಗಳ ಒಂದು ಸ್ವಭಾವ ನನ್ನನ್ನು ಬಹಳ ದಿನ ತಪ್ಪುದಾರಿಗೆ ಎಳೆದಿತ್ತು. ನೆತ್ತಿಯ ಹೊಸ ಮುಳ್ಳುಗಳ ಬುಡದಲ್ಲಿ ಸಣ್ಣ ಗ್ರಂಥಿಗಳಿದ್ದು, ಅವುಗಳಿಂದ ಸಿಹಿಯಾದ ಅಂಟುರಸ ಜಿನುಗುತ್ತದೆ. ಹುಟ್ಟುನೆಲದಲ್ಲಿ ಇರುವೆಗಳು ಆ ರಸಕ್ಕಾಗಿ ಬಂದು, ಗಿಡವನ್ನು ತಿನ್ನುವ ಕೀಟಗಳನ್ನು ಓಡಿಸುತ್ತವೆ. ಕುಂಡದ ಗಿಡದಲ್ಲಿ ರಸ ಹಾಗೆಯೇ ಉಳಿದರೆ ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆದು, ಕೆಂಪು ಮುಳ್ಳುಗಳ ಅಂದವೆಲ್ಲ ಹಾಳಾಗುತ್ತದೆ. ಅದನ್ನು ರೋಗವೆಂದು ತಿಳಿದು ನಾನು ಔಷಧಿ ಸಿಂಪಡಿಸುತ್ತಲೇ ಇದ್ದೆ. ಬಿಸಿಲಿರುವ ದಿನದ ಬೆಳಿಗ್ಗೆ ನೆತ್ತಿಗೆ ಜೋರಾಗಿ ನೀರು ಹಾಯಿಸಿ ತೊಳೆದರೆ, ಗಾಳಿಯಾಡುವ ಜಾಗದಲ್ಲಿ ಇಟ್ಟರೆ, ಬೇರೇನೂ ಬೇಕಿಲ್ಲ.

ಬಿಸಿಲು ಎಷ್ಟು ಕೊಟ್ಟರೂ ಸಾಲದು. ಆದರೆ ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಹೊರಗಿಟ್ಟರೆ ಸುಟ್ಟು ಬಿಳಿಚಿದ ಗುರುತು ಜೀವಮಾನವಿಡೀ ಉಳಿಯುತ್ತದೆ.

ಬೀಜದಿಂದ ಬಂದ ನನ್ನ ಗಿಡಗಳಲ್ಲಿ ಮೊದಲು ಹೂ ಬಿಟ್ಟದ್ದು ಫೆರೊಕ್ಯಾಕ್ಟಸ್ ಲಟಿಸ್ಪಿನಸ್. ನಾಲಿಗೆಯಂತೆ ಚಪ್ಪಟೆಯಾದ ಕೆಂಪು ನಡುಮುಳ್ಳಿನ ಈ ಜಾತಿ, ಹಗಲು ಚಿಕ್ಕದಾಗುತ್ತಾ ಬರುವ ಕಾಲದಲ್ಲಿ ನೇರಳೆಗೆಂಪು ಹೂ ಬಿಡುತ್ತದೆ. ಬಿತ್ತಿದ ಎಂಟನೆಯ ವರ್ಷ ಒಂದೇ ಗಿಡದಲ್ಲಿ ಹೂ ಬಂತು, ಬೀಜ ಕಟ್ಟಲಿಲ್ಲ. ಮರುವರ್ಷ ಎರಡು ಗಿಡಗಳು ಒಟ್ಟಿಗೆ ಅರಳಿದಾಗ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ, ಜೇನುನೊಣಗಳು ಬೇರೆ ಜಾತಿಯ ಪರಾಗ ತಂದು ಮಿಶ್ರಬೀಜವಾಗದಂತೆ ಹೂಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿದೆ. ಕಾಯಿ ಬಲಿತ ಮೇಲೆ ತಿರುವಿ ಎಳೆದರೆ ಅದರ ಬುಡದಲ್ಲೊಂದು ತೂತು ತೆರೆದುಕೊಳ್ಳುತ್ತದೆ. ಅಂಗೈ ಮೇಲೆ ತಟ್ಟಿದರೆ ಹೊಳೆಯುವ ಕಪ್ಪು ಬೀಜಗಳು ಸುರಿಯುತ್ತವೆ.

ಆ ಬೀಜಗಳ ಪೊಟ್ಟಣದ ಮೇಲೆ ತಾಯಿಗಿಡ, ತಂದೆಗಿಡ ಎರಡರ ಸಂಖ್ಯೆಯನ್ನೂ ವರ್ಷವನ್ನೂ ಪೆನ್ಸಿಲ್‌ನಿಂದ ಬರೆಯುತ್ತೇನೆ, ಏಕೆಂದರೆ ಶಾಯಿ ಬಿಸಿಲಿಗೆ ಮಾಸುತ್ತದೆ. ಹೆಸರೊಂದನ್ನೇ ನಂಬುವಂತಿಲ್ಲ: 1891ರಲ್ಲಿ ಎಕೈನೊಕ್ಯಾಕ್ಟಸ್ ಗ್ರುಸೊನಿ ಎಂದು ಹೆಸರು ಪಡೆದ ಚಿನ್ನದ ಬಣ್ಣದ ಬ್ಯಾರೆಲ್ ಕಳ್ಳಿಯನ್ನು 2014ರಲ್ಲಿ ಕ್ರೊಯೆನ್ಲೈನಿಯಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ನನ್ನ ಬಳಿಯಿರುವ ಆ ಜಾತಿಯ ಆರು ಗಿಡಗಳು ಹದಿಮೂರು ವರ್ಷದವು. ಹೂ ಬಿಡುವಷ್ಟು ದಪ್ಪವಾಗಲು ಇನ್ನೂ ಕೆಲವು ವರ್ಷ ಕಾಯಬೇಕು. ಮೆಕ್ಸಿಕೋದ ಕ್ವೆರೆತಾರೊ ರಾಜ್ಯದ ಕಣಿವೆಯಲ್ಲಿ ಅವುಗಳ ಹುಟ್ಟುನೆಲದ ದೊಡ್ಡ ಭಾಗ 1990ರ ದಶಕದ ಅಣೆಕಟ್ಟಿನ ನೀರಿನಲ್ಲಿ ಮುಳುಗಿರುವುದರಿಂದ, ಬೆರಕೆಯಾಗದ ಬೀಜ ಸಿಗಲೆಂದು ಮೊದಲ ಹೂಗಳಿಗೂ ಬಟ್ಟೆಯ ಚೀಲಗಳನ್ನು ಈಗಲೇ ಹೊಲಿದಿಟ್ಟಿದ್ದೇನೆ.