ಸ್ಟೇಜ್ ಆಂಪ್ಲಿಫೈಯರ್‌ನ ಫ್ಯಾನ್ ಬಾಯಿ ಮುಚ್ಚಿಸಿದ್ದು ಹೀಗೆ

ಎಂಟು ತಿಂಗಳು ಹಿಡಿಯಿತು. ಮೂರು ಸಲ ಸೋತೆ. ಈಗ ರಾತ್ರಿ ಹತ್ತರ ಮೇಲೆ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡಿಂಗ್ ಹಾಕಿದರೆ, ಅವರು ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ತಂಬೂರಿ ಮಾತ್ರ ಕೇಳಿಸುತ್ತದೆ. ಆಂಪ್ ಇರುವುದು ನಾನು ಕೂರುವ ಜಾಗದಿಂದ ಆರೇಳು ಅಡಿ ದೂರದಲ್ಲಿ. ಆಗಲ್ಲ ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಆಂಪ್ ಕೊಂಡದ್ದು ದಾವಣಗೆರೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಒಬ್ಬರಿಂದ. ಗಣಪತಿ ಪೆಂಡಾಲು, ಆರ್ಕೆಸ್ಟ್ರಾ ಎಲ್ಲ ಕಂಡ ಮಾಲು. ದೊಡ್ಡ ಟ್ರಾನ್ಸ್‌ಫಾರ್ಮರಿನ ಕ್ಲಾಸ್ ಎಬಿ ಬಗೆಯ ಆಂಪ್, ಎತ್ತಲು ಇಬ್ಬರು ಬೇಕು. 9,000 ರೂಪಾಯಿ ಕೊಟ್ಟೆ. ಹಿಂದುಗಡೆ 24 ವೋಲ್ಟಿನ ಎರಡು 80 ಎಂಎಂ ಫ್ಯಾನ್. ಸ್ವಿಚ್ ಹಾಕಿದಾಗಿನಿಂದ ಆಫ್ ಮಾಡುವವರೆಗೆ ಒಂದೇ ಸ್ಪೀಡು. "ರೀ, ಹಿಟ್ಟಿನ ಗಿರಣಿ ಯಾಕೆ ಮನೆಗೆ ತಂದ್ರಿ?" ಅಂದಳು ಹೆಂಡತಿ. ನನಗೆ ಗೊತ್ತಿರುವ ರಿಪೇರಿ ಅಣ್ಣ ಅಂತೂ ಖಡಾಖಂಡಿತ ಹೇಳಿದ್ದರು: "ಫ್ಯಾನಿಗೆ ಮಾತ್ರ ಕೈ ಹಾಕಬೇಡಿ ಸರ್, ಔಟ್‌ಪುಟ್ ಟ್ರಾನ್ಸಿಸ್ಟರ್ ಸಾಲಾಗಿ ಹೋಗ್ತವೆ."

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಸ್ಟಿಕ್ಕರ್ ಕಿತ್ತು ಬೇರಿಂಗಿಗೆ ಹೊಲಿಗೆ ಮಷಿನ್ ಎಣ್ಣೆ ಬಿಟ್ಟೆ. ಹದಿನೈದು ದಿನ ಗರಗರ ನಿಂತಿತು, ಗಾಳಿಯ ಸದ್ದು ಹಾಗೇ ಇತ್ತು. ಆಮೇಲೆ ಗರಗರವೂ ವಾಪಸ್ ಬಂತು.

ಎರಡನೇ ಸಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದಕ್ಕೆ 150 ರೂಪಾಯಿಯ 12 ವೋಲ್ಟ್ ಫ್ಯಾನ್ ಎರಡು ತಂದು, ಒಂದರ ಹಿಂದೊಂದು ಸೇರಿಸಿ ಸೀರೀಸ್‌ನಲ್ಲಿ ಹಾಕಿದೆ. ಲೆಕ್ಕದಲ್ಲಿ ಸರಿ ಅಲ್ವಾ? ಎರಡಕ್ಕೂ ಹನ್ನೆರಡು ಹನ್ನೆರಡು ಬರಬೇಕು. ಬರಲಿಲ್ಲ. ಒಂದು ಜೋರಾಗಿ ಓಡಿತು, ಇನ್ನೊಂದು ಕುಂಟಿತು. ಮೀಟರ್ ಇಟ್ಟರೆ ಒಂದರ ಮೇಲೆ ಹದಿನೈದು ವೋಲ್ಟ್. ವಾರದಲ್ಲಿ ಒಂದು ಸುಟ್ಟಿತು. ಸೀರೀಸ್ ಅಂದಮೇಲೆ ಎರಡೂ ನಿಂತವು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದು. ಹಳೇ ಫ್ಯಾನಿಗೇ ದಪ್ಪ ಸಿಮೆಂಟ್ ರೆಸಿಸ್ಟರ್ ಹಾಕಿ ನಿಧಾನ ಮಾಡಿದೆ. ಸಂಜೆ ಚೆನ್ನಾಗಿ ಓಡಿತು. ಡಿಸೆಂಬರಿನ ಒಂದು ಬೆಳಿಗ್ಗೆ ತಿರುಗಲೇ ಇಲ್ಲ, ನಾನು ನೋಡಲೂ ಇಲ್ಲ. ಅರ್ಧ ಗಂಟೆಗೆ, ಅಪಾಯ ಕಂಡರೆ ಹತ್ತುವ ಪ್ರೊಟೆಕ್ಟ್ ದೀಪ ಹತ್ತಿತು. ಒಂದು ಚಾನೆಲ್‌ನಲ್ಲಿ ಎರಡು ಟ್ರಾನ್ಸಿಸ್ಟರ್ ಹೋಗಿದ್ದವು. ಜೋಡಿ ಹೊಂದಿಸಿ ಹಾಕುವಷ್ಟರಲ್ಲಿ ಕೂಲಿ ಸೇರಿ 1,800 ಆಯಿತು. ರಿಪೇರಿ ಅಣ್ಣ ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಆ ನಗು ನನ್ನನ್ನು ಬಿಡಲಿಲ್ಲ.

ದಾರಿ ತೋರಿಸಿದ್ದು ಊದುಬತ್ತಿ. ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ನೋಡೋಣ ಅಂತ ಮೇಲಿನ ತಗಡು ತೆಗೆದು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮುಂದಿನ ಜಾಲರಿ ಹತ್ತಿರ ಊದುಬತ್ತಿ ಹಿಡಿದೆ. ಅರ್ಧಕ್ಕಿಂತ ಜಾಸ್ತಿ ಹೊಗೆ, ಟ್ರಾನ್ಸಿಸ್ಟರುಗಳ ಬಿಸಿ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ಒಳಗೆ ಹೋಗಲೇ ಇಲ್ಲ. ಪಕ್ಕದ ಎರಡು ಬೆರಳಿನ ಸಂದಿಯಲ್ಲಿ ನುಣುಚಿಕೊಂಡು ನೇರ ಫ್ಯಾನಿಗೆ ಹೋಗುತ್ತಿತ್ತು. ಇಷ್ಟು ಗಾಳಿ ಪೋಲಾಗುವುದಕ್ಕೇ ಫ್ಯಾನ್ ಅಷ್ಟು ಕಿರುಚಬೇಕಿತ್ತು.

ಸಂದಿ ಮುಚ್ಚಲು ರಟ್ಟು ಹಾಕಬೇಡಿ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಇನ್ಸುಲೇಷನ್ ಪೇಪರ್ ಸಿಗುತ್ತದೆ, ಬಿಸಿ ತಡೆಯುತ್ತದೆ, ಶಾರ್ಟೂ ಆಗಲ್ಲ. ತುಂಡಿಗೆ 40 ರೂಪಾಯಿ ಕೊಟ್ಟೆ. ಅದನ್ನು ಮಡಚಿ ಸುರಂಗದ ಹಾಗೆ ಕೂರಿಸಿದೆ. ಅಕ್ವೇರಿಯಂಗೆ ಹಾಕುವ ವೈರಿನ ಥರ್ಮಾಮೀಟರ್ ಇಟ್ಟು ನೋಡಿದರೆ, ಅದೇ ಫ್ಯಾನು, ಅದೇ ಹಾಡು, ಆರೇಳು ಡಿಗ್ರಿ ಕಡಿಮೆ! ಅವತ್ತು ಗೆದ್ದೆ ಅನ್ನಿಸಿತು.

ಉಳಿದದ್ದು ಸುಲಭ. ನೋಕ್ಟುವಾ ಕಂಪನಿಯ 12 ವೋಲ್ಟ್ ಫ್ಯಾನ್, ಎನ್‌ಎಫ್-ಎ8 ಎಫ್‌ಎಲ್‌ಎಕ್ಸ್ ಎರಡು, ಹತ್ತಿರ ಹತ್ತಿರ 3,500 ರೂಪಾಯಿ ಆಯಿತು. ದುಬಾರಿಯೇ, ಆದರೆ ಈ ಸಲ ಜಿಪುಣತನ ಮಾಡಲಿಲ್ಲ. 24 ವೋಲ್ಟನ್ನು 12ಕ್ಕೆ ಇಳಿಸಲು ಬಕ್ ಮಾಡ್ಯೂಲ್ ಅನ್ನುವ ಸಣ್ಣ ಬೋರ್ಡು, ಎಲ್‌ಎಂ2596 ಮಾಡ್ಯೂಲ್. ಅಲ್ಲಿಂದ ರೆಸಿಸ್ಟರ್ ಮೂಲಕ ಫ್ಯಾನ್‌ಗಳಿಗೆ ಏಳು ವೋಲ್ಟ್. ಹೀಟ್‌ಸಿಂಕ್ ಮೇಲೆ ಕೆಎಸ್‌ಡಿ301 ಥರ್ಮೋಸ್ಟಾಟ್, 55 ಡಿಗ್ರಿಯದ್ದು, ನಾರ್ಮಲಿ ಓಪನ್, ಅಂದರೆ ತಣ್ಣಗಿದ್ದಾಗ ಆಫ್ ಇರುವ ಸ್ವಿಚ್ಚು. ಬಿಸಿ ಏರಿದರೆ ಅದು ರೆಸಿಸ್ಟರನ್ನು ಶಾರ್ಟ್ ಮಾಡಿ ಪೂರ್ತಿ 12 ಕೊಡುತ್ತದೆ. ಚಳಿಯಲ್ಲಿ ಫ್ಯಾನ್ ಮೊಂಡು ಹಿಡಿಯದಂತೆ ಶುರುವಿಗೆ ಒಂದು ಒದೆತ ಕೊಡುವ ಕೆಪಾಸಿಟರೂ ಇದೆ. ಅದರ ಜಾಗ, ರೆಸಿಸ್ಟರ್ ಎಷ್ಟು ಓಮ್ ಅನ್ನುವುದು ಎರಡೂ ಸದ್ಯ ನನ್ನ ಹತ್ತಿರವೇ ಇರಲಿ. ತಲೆ ಓಡಿಸಿದರೆ ಹತ್ತು ನಿಮಿಷದಲ್ಲಿ ನಿಮಗೇ ಹೊಳೆಯುತ್ತದೆ.

ಒಂದು ಮಾತ್ರ ಬಚ್ಚಿಡಲ್ಲ. ನನ್ನ ಆಂಪ್‌ನಲ್ಲಿ ಹೀಟ್‌ಸಿಂಕ್ ಮೇಲೇ ಎಪ್ಪತ್ತೈದರ ಹತ್ತಿರ ವೋಲ್ಟೇಜ್ ಇದೆ. ಥರ್ಮೋಸ್ಟಾಟ್ ಕೆಳಗೆ ಕರೆಂಟು ದಾಟದ ಮೈಕಾ ಹಾಳೆ ಹಾಕಿ, ವೈರಿಗೆ ಸ್ಲೀವ್ ತೊಡಿಸಿದ್ದೇನೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳನ್ನು ಬಲ್ಬಿನಿಂದ ಖಾಲಿ ಮಾಡದೆ ನಾನು ಬೆರಳು ಹಾಕಲ್ಲ.

ನಡುವೆ ಬಕ್ ಮಾಡ್ಯೂಲನ್ನು ಇನ್‌ಪುಟ್ ಬೋರ್ಡಿನ ಪಕ್ಕ ಇಟ್ಟಿದ್ದೆ. ಸ್ಪೀಕರಿನ ಟ್ವೀಟರಿನಲ್ಲಿ ಸಣ್ಣ ಚಿರ್ ಅನ್ನುವ ಸದ್ದು ಬಂತು. ಟ್ರಾನ್ಸ್‌ಫಾರ್ಮರ್ ಕಡೆಗೆ ಸರಿಸಿ ವೈರ್ ಹೊಸೆದ ಮೇಲೆ ಹೋಯಿತು. ಹಿಂದಿನ ತಗಡಿನ ತೂತು ಜಾಲರಿಯನ್ನೂ ಕತ್ತರಿಸಿ ತಂತಿ ಗಾರ್ಡ್ ಹಾಕಿದೆ. ಗಾಳಿ ತಗಡಿಗೆ ಬಡಿಯುವ ಸಿಳ್ಳೆ ನಿಂತಿತು. ಕತ್ತರಿಸುವಾಗ ಒಳಗೆ ಕಬ್ಬಿಣದ ಪುಡಿ ಬೀಳದಂತೆ ಆಂಪನ್ನು ಪೂರ್ತಿ ಬಿಚ್ಚಿದ್ದೆ, ಒಂದು ಭಾನುವಾರ ಅದಕ್ಕೇ ಹೋಯಿತು. ಮೇಲೆ 120 ಎಂಎಂ ಫ್ಯಾನ್ ಇಡುವ ಪ್ರಯೋಗವನ್ನೂ ಮಾಡಿದೆ, ಧೂಳು ಬಿಟ್ಟರೆ ಬೇರೇನೂ ಸಿಗಲಿಲ್ಲ.

ಮನೆಯಲ್ಲಿ ಕೇಳುವ ದನಿಗೆ ಈಗ 44, 45 ಡಿಗ್ರಿ ದಾಟಲ್ಲ. ಏಪ್ರಿಲ್ ಬಿಸಿಲಲ್ಲಿ, ಬೇಕಂತಲೇ ಎರಡು ಗಂಟೆ ಜೋರಾಗಿ ಹಾಕಿದಾಗ ಥರ್ಮೋಸ್ಟಾಟ್ ಎರಡು ಸಲ ಟಕ್ ಅಂದಿತು, ಫ್ಯಾನ್ ಏರಿತು, ಇಳಿಯಿತು. ಸ್ಟೇಜಿಗೆ ಒಯ್ಯುವ ಆಂಪಿಗೆ ಇದನ್ನು ಮಾಡಬೇಡಿ, ಅಲ್ಲಿ ಹಳೇ ಫ್ಯಾನೇ ಸರಿ.

ಮೊನ್ನೆ ರಿಪೇರಿ ಅಣ್ಣ ಮನೆಗೆ ಬಂದು, ಕಿವಿಯನ್ನು ಜಾಲರಿಗೆ ಹಚ್ಚಿ ಕೇಳಿ, "ಓಡ್ತಾ ಇದೆಯಾ ಸರ್?" ಅಂತ ಕೈ ಅಡ್ಡ ಹಿಡಿದು ನೋಡಿದರು. ಹೋಗುವಾಗ ಗಿರಾಕಿಯೊಬ್ಬರ ಆಂಪ್ ಬಿಟ್ಟು ಹೋಗಿದ್ದಾರೆ. ಅದರಲ್ಲಿ ಮೂರು ವೈರಿನ ಫ್ಯಾನ್. ಫ್ಯಾನ್ ತಿರುಗುತ್ತಿದೆ ಅಂತ ತಿಳಿಸುವ ಹಳದಿ ವೈರಿನ ಸಿಗ್ನಲ್ ಬರದಿದ್ದರೆ ಬೋರ್ಡು ಪ್ರೊಟೆಕ್ಟ್‌ಗೆ ಹೋಗುತ್ತದೆ. ಈ ಭಾನುವಾರ ಅದನ್ನು ಬಿಚ್ಚಬೇಕು.